ಕೊಯ್ದ ತರಕಾರಿ ಬಾಡದಂತೆ, ಕೊಳೆಯದಂತೆ: ಹೊಲದ ನೆರಳಿನಿಂದ ಮನೆಯ ಫ್ರಿಜ್‌ವರೆಗೆ

ಗಿಡದಿಂದ ಬಿಡಿಸಿದ ಬೆಂಡೆ, ಬುಡಸಮೇತ ಕಿತ್ತ ಕೊತ್ತಂಬರಿ, ಅಗೆದು ತೆಗೆದ ಕ್ಯಾರೆಟ್, ಇವೆಲ್ಲ ಕೊಯ್ಲಾದ ಮೇಲೂ ಜೀವಂತವಾಗಿರುತ್ತವೆ. ಉಸಿರಾಡುತ್ತವೆ, ಒಳಗೆ ಕೂಡಿಟ್ಟ ಸಕ್ಕರೆಯನ್ನು ಸವೆಸುತ್ತವೆ, ಬಿಸಿ ಹೊರಬಿಡುತ್ತವೆ, ನೀರು ಕಳೆದುಕೊಳ್ಳುತ್ತವೆ. ಬೇರಿನಿಂದ ಬರುತ್ತಿದ್ದ ನೀರು ಮಾತ್ರ ನಿಂತುಹೋಗಿರುತ್ತದೆ. ಆದ್ದರಿಂದ ನಾವು ಮಾಡಬೇಕಾದ್ದು ಇಷ್ಟು: ಉಸಿರಾಟವನ್ನು ನಿಧಾನ ಮಾಡಬೇಕು, ಒಳಗಿನ ನೀರು ಒಳಗೇ ಉಳಿಯುವಂತೆ ನೋಡಿಕೊಳ್ಳಬೇಕು, ಹೊರಗೆ ಮೈಮೇಲೆ ನೀರು ಹನಿಗಟ್ಟದಂತೆ ಕಾಯಬೇಕು. ಮೊದಲ ಎರಡನ್ನು ಬಹಳಷ್ಟು ಜನ ಮಾಡುತ್ತಾರೆ. ತರಕಾರಿ ಕೊಳೆಯುವುದು ಮೂರನೆಯದನ್ನು ಮರೆತಾಗ.

ಉಸಿರಾಟದ ವೇಗ ಉಷ್ಣಾಂಶದ ಕೈಯಲ್ಲಿದೆ. ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಉಸಿರಾಟ ಸುಮಾರು ಎರಡರಿಂದ ಮೂರು ಪಟ್ಟು ಹೆಚ್ಚುತ್ತದೆ. 15 ಡಿಗ್ರಿಯಲ್ಲಿ ನಾಲ್ಕು ಗಂಟೆಯಲ್ಲಿ ಆಗುವ ಸವೆತ 35 ಡಿಗ್ರಿಯ ಬಿಸಿಲಲ್ಲಿ ಒಂದು ಗಂಟೆಯೊಳಗೇ ಆಗಿಬಿಡುತ್ತದೆ. ನೀರಿನ ಲೆಕ್ಕವೂ ಬಿಗಿಯಾದದ್ದೇ. ಸೊಪ್ಪು ತನ್ನ ತೂಕದ ಶೇ. 3ರಿಂದ 5ರಷ್ಟು ನೀರು ಕಳೆದುಕೊಂಡರೆ ಸಾಕು, ಬಾಡಿದ್ದು ಕಣ್ಣಿಗೆ ಕಾಣುತ್ತದೆ. ಮಿಕ್ಕ ಹೆಚ್ಚಿನ ತರಕಾರಿಗಳಲ್ಲಿ ಶೇ. 5ರಿಂದ 10 ದಾಟಿದರೆ ಕೊಳ್ಳುವವರು ಕೈಬಿಡುತ್ತಾರೆ. ತೂಕಕ್ಕೆ ಮಾರುವವರಿಗೆ ಇದು ಎರಡು ಸಲದ ನಷ್ಟ. ಹೋದ ನೀರಿನ ತೂಕಕ್ಕೂ ದುಡ್ಡಿಲ್ಲ, ಉಳಿದ ಮಾಲಿಗೂ ದರವಿಲ್ಲ.

ಕೊಯ್ಲಿನ ಹೊತ್ತು

ಬೆಳಗ್ಗೆ ಬಿಸಿಲೇರುವ ಮುಂಚೆ ಕೊಯ್ಯಿರಿ. ರಾತ್ರಿಯ ತಂಪು ಕಾಯಿಯೊಳಗೇ ಇರುತ್ತದೆ, ಎಲೆಯಲ್ಲಿ ನೀರು ತುಂಬಿರುತ್ತದೆ. ಮಧ್ಯಾಹ್ನ ಕೊಯ್ದರೆ ಹೊಲದ ಬಿಸಿಯೂ ಕಾಯಿಯ ಜೊತೆಗೇ ಬರುತ್ತದೆ. ಆ ಬಿಸಿಯನ್ನು ಮತ್ತೆ ಹೊರತೆಗೆಯಲು ನೆರಳು, ಗಾಳಿ, ಹೊತ್ತು ಎಲ್ಲವೂ ಬೇಕು. ಇಬ್ಬನಿ ಹೆಚ್ಚಿದ್ದ ದಿನ ಸೊಪ್ಪಿನ ಕಟ್ಟನ್ನು ಕೊಡವಿ, ನೆರಳಿನಲ್ಲಿ ಸಡಿಲವಾಗಿ ನಿಲ್ಲಿಸಿ, ಮೇಲಿನ ಹನಿ ಆರಿದ ಮೇಲೆ ಜೋಡಿಸಿ.

ಕೊಯ್ದದ್ದನ್ನು ಬದುವಿನ ಮೇಲೆ ಬಿಸಿಲಿಗೆ ರಾಶಿ ಹಾಕಬೇಡಿ. ಬದನೆ, ಹಸಿಮೆಣಸಿನಕಾಯಿಯಂಥ ಗಾಢ ಬಣ್ಣದ ಕಾಯಿ ಬಿಸಿಲಿನಲ್ಲಿ ಸುತ್ತಲಿನ ಗಾಳಿಗಿಂತ ಹಲವು ಡಿಗ್ರಿ ಹೆಚ್ಚು ಕಾಯುತ್ತದೆ. ಮರದ ನೆರಳು ಸಾಕು. ಮರವಿಲ್ಲದಿದ್ದರೆ ನಾಲ್ಕು ಗೂಟ ನೆಟ್ಟು ಮೇಲೆ ನೆರಳುಬಲೆಯನ್ನೋ ತೆಂಗಿನ ಗರಿಯನ್ನೋ ಹೊದಿಸಿ. ಟಾರ್ಪಾಲನ್ನು ನೇರವಾಗಿ ತರಕಾರಿಯ ಮೇಲೆ ಹೊದಿಸುವುದು ನೆರಳಲ್ಲ. ಒಳಗೆ ಕಾವು ಕಟ್ಟಿ ಸೊಪ್ಪು ಬೆಂದಂತಾಗುತ್ತದೆ.

ಕೈಯ ಕೆಲಸದಲ್ಲಿ ಗಮನಿಸಬೇಕಾದ ಕೆಲವು ಇವೆ. ಬೆಂಡೆ, ಬದನೆ, ಸೌತೆ, ದೊಣ್ಣೆಮೆಣಸನ್ನು ಎಳೆದು ಕೀಳದೆ ತೊಟ್ಟು ಉಳಿಸಿ ಚಾಕುವಿನಿಂದಲೋ ಕತ್ತರಿಯಿಂದಲೋ ಕತ್ತರಿಸಿ. ತೊಟ್ಟು ಕಿತ್ತ ಗಾಯದಿಂದಲೇ ನೀರು ಹೋಗುತ್ತದೆ, ಕೊಳೆ ಒಳಬರುತ್ತದೆ. ಟೊಮೆಟೊ ಮಾತ್ರ ತಿರುವುಮುರುವು. ಅದರ ಒಣ ತೊಟ್ಟು ಪಕ್ಕದ ಹಣ್ಣಿಗೆ ಚುಚ್ಚುತ್ತದೆ, ಆದ್ದರಿಂದ ರಾಶಿಯಾಗಿ ಸಾಗಿಸುವುದಾದರೆ ತೊಟ್ಟು ತೆಗೆಯಬೇಕು. ಬೆಂಡೆಯ ಏಣುಗಳು ಉಜ್ಜಿದ ಜಾಗದಲ್ಲಿ ಒಂದು ದಿನದೊಳಗೆ ಕಪ್ಪಾಗುತ್ತವೆ. ಹತ್ತಿಯ ಕೈಗವಸು ಹಾಕಿ ಬಿಡಿಸಿ, ಬುಟ್ಟಿಯಿಂದ ಬುಟ್ಟಿಗೆ ಸುರಿಯುವುದನ್ನು ಕಡಿಮೆ ಮಾಡಿ. ಉಗುರಿನ ಗೀರು ಆ ಹೊತ್ತಿಗೆ ಕಾಣದು, ಮಾರುಕಟ್ಟೆ ತಲುಪುವ ಹೊತ್ತಿಗೆ ಕಾಣುತ್ತದೆ.

ಕ್ಯಾರೆಟ್, ಮೂಲಂಗಿ, ಬೀಟ್‌ರೂಟ್‌ನ ಸೊಪ್ಪನ್ನು ಎರಡು ಸೆಂ.ಮೀ. ಬಿಟ್ಟು ಅಂದೇ ಕತ್ತರಿಸಿಬಿಡಿ. ಎಲೆ ಗಡ್ಡೆಯ ನೀರನ್ನೇ ಎಳೆದು ಆವಿಯಾಗಿಸುತ್ತದೆ. ಹಸಿರು ಸೊಪ್ಪು ಸಮೇತ ಚೆಂದ ಕಾಣುವ ಮೂಲಂಗಿ ಮರುದಿನ ರಬ್ಬರಿನಂತೆ ಬಾಗುವುದು ಇದರಿಂದಲೇ.

ಗೋಣಿಚೀಲವೋ ಕ್ರೇಟೋ

ಗೋಣಿಚೀಲದಲ್ಲಿ ಒತ್ತಿ ತುಂಬಿದ ಬೀನ್ಸ್, ಬಟಾಣಿಯ ನಡುಭಾಗಕ್ಕೆ ಕೈ ಹಾಕಿ ನೋಡಿ, ಬಿಸಿಯಾಗಿರುತ್ತದೆ. ಅದು ಹೊರಗಿನ ಬಿಸಿಲಲ್ಲ, ತರಕಾರಿಯ ಸ್ವಂತ ಉಸಿರಾಟದ ಕಾವು, ಹೊರಹೋಗಲು ದಾರಿಯಿಲ್ಲದೆ ಅಲ್ಲೇ ಉಳಿದದ್ದು. ಮೇಲೆ ಇನ್ನೊಂದು ಚೀಲ, ಅದರ ಮೇಲೆ ಕೂರುವ ಜನ. ತಳದ ಚೀಲದ ಮಾಲು ಜಜ್ಜಿಹೋಗದೆ ಇರುವುದು ಹೇಗೆ?

ಮೆತ್ತನೆಯ ತರಕಾರಿಗೆಲ್ಲ ಪ್ಲಾಸ್ಟಿಕ್ ಕ್ರೇಟೇ ಸರಿ. ಪಕ್ಕದಲ್ಲೂ ತಳದಲ್ಲೂ ಕಿಂಡಿ ಇರಬೇಕು, ಒಳಮೈ ನುಣುಪಾಗಿರಬೇಕು, ಒಂದರ ಮೇಲೊಂದು ಇಟ್ಟರೆ ಭಾರ ಕ್ರೇಟಿನ ಅಂಚಿಗೆ ಬೀಳಬೇಕೇ ಹೊರತು ತರಕಾರಿಗಲ್ಲ. ಇದಕ್ಕಾಗಿ ಬಾಯಿಗಿಂತ ಎರಡು ಬೆರಳು ಕೆಳಗಿರುವಾಗಲೇ ತುಂಬುವುದನ್ನು ನಿಲ್ಲಿಸಿ. ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ 15 ಕೆ.ಜಿ. ಕ್ರೇಟಿನ ಲೆಕ್ಕದಲ್ಲಿ ಹರಾಜಾಗುತ್ತದೆ. ಆ ಗಾತ್ರ ಹಣ್ಣಿಗೂ ಎತ್ತುವವರ ಬೆನ್ನಿಗೂ ಒಳ್ಳೆಯದು. ತಲೆಮಟ್ಟ ತುಂಬಿ ಮೇಲೆ ಇನ್ನೊಂದು ಕ್ರೇಟು ಹೇರಿದರೆ ಆ ಗಾತ್ರದಿಂದ ಯಾವ ಲಾಭವೂ ಇಲ್ಲ. ಬಿದಿರು ಬುಟ್ಟಿಯೇ ಇರುವುದಾದರೆ ಒಳಗೆ ಗೋಣಿಬಟ್ಟೆಯನ್ನೋ ಬಾಳೆ ಎಲೆಯನ್ನೋ ಹಾಸಿ. ಸೀಳಿದ ಬಿದಿರಿನ ಅಂಚು ಕಾಯಿಗೆ ತಾಗಬಾರದು.

ಕ್ರೇಟುಗಳನ್ನು ಪ್ರತಿ ಸಲ ತೊಳೆದು ಬಿಸಿಲಿಗೆ ಒಣಗಿಸಿ. ಹಿಂದಿನ ವಾರ ಒಡೆದ ಒಂದು ಟೊಮೆಟೊದ ರಸ ಮೂಲೆಯಲ್ಲಿ ಒಣಗಿದ್ದರೆ ಈ ವಾರದ ಮಾಲಿಗೆ ಶಿಲೀಂಧ್ರ ಅಲ್ಲಿಂದಲೇ ಹತ್ತುತ್ತದೆ.

ತೊಳೆಯಬೇಕೇ?

ಹೆಚ್ಚಿನ ತರಕಾರಿಯನ್ನು ಇಡುವ ಮುಂಚೆ ತೊಳೆಯದಿರುವುದೇ ಲೇಸು. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಬೆಂಡೆ, ಬೀನ್ಸ್‌ಗೆ ನೀರು ಸೋಕಿಸಬೇಡಿ. ಬೆಂಡೆ, ಬೀನ್ಸ್ ಒದ್ದೆಯಾಗಿ ಉಳಿದರೆ ಮೊದಲು ಕಲೆ, ಆಮೇಲೆ ಲೋಳೆ. ಮಣ್ಣು ಮೆತ್ತಿದ ಕ್ಯಾರೆಟ್, ಮೂಲಂಗಿಯಂಥ ಗಡ್ಡೆ, ಬೇರುಸಹಿತ ಸೊಪ್ಪು ಮಾರುವವರು ತೊಳೆಯಲೇಬೇಕಾದರೆ ಕ್ಲೋರಿನ್ ಬೆರೆಸಿದ ಶುದ್ಧ ನೀರು ಬಳಸಿ.

ಅಳತೆ ಹೀಗೆ: ಹೊಸ ಬ್ಲೀಚಿಂಗ್ ಪೌಡರಿನಲ್ಲಿ ಸುಮಾರು ಶೇ. 33ರಷ್ಟು ಕ್ಲೋರಿನ್ ಇರುತ್ತದೆ. 100 ಲೀಟರ್ ನೀರಿಗೆ 30 ಗ್ರಾಂ ಹಾಕಿದರೆ 100 ಪಿಪಿಎಂ (ಹತ್ತು ಲಕ್ಷ ಪಾಲು ನೀರಿಗೆ 100 ಪಾಲು ಕ್ಲೋರಿನ್) ಆಸುಪಾಸಿಗೆ ಬರುತ್ತದೆ. ಪುಡಿಯನ್ನು ನೇರ ಸುರಿಯದೆ, ಒಂದು ಬಕೆಟ್ ನೀರಿನಲ್ಲಿ ಕಲಸಿ, ಗಸಿ ಇಳಿದ ಮೇಲೆ ತಿಳಿಯನ್ನು ಮಾತ್ರ ಬೆರೆಸಿ. ತೆರೆದ ಜಾಗದಲ್ಲಿ, ಪ್ಲಾಸ್ಟಿಕ್ ತೊಟ್ಟಿಯಲ್ಲಿ, ಕೈಗವಸು ಹಾಕಿ ಮಾಡಿ. ಎರಡು ಮೂರು ನಿಮಿಷ ಅದ್ದಿದರೆ ಸಾಕು. ಆಮೇಲೆ ಒಳ್ಳೆಯ ನೀರಿನಲ್ಲಿ ಒಮ್ಮೆ ಜಾಲಿಸಿ ಪೂರ್ತಿ ಬಸಿಯಲು ಬಿಡಿ. ನೀರು ಕೆಸರಾದ ಕೂಡಲೇ ಬದಲಿಸಬೇಕು, ಏಕೆಂದರೆ ಮಣ್ಣು ಮತ್ತು ಎಲೆಚೂರು ಕ್ಲೋರಿನನ್ನು ತಿಂದುಹಾಕುತ್ತವೆ. ಆ ಮೇಲೆ ಅದು ಸೋಂಕನ್ನು ಒಂದು ಗಡ್ಡೆಯಿಂದ ಇನ್ನೊಂದಕ್ಕೆ ಹಂಚುವ ನೀರಷ್ಟೇ. ತೆರೆದಿಟ್ಟ ಹಳೆಯ ಪೌಡರಿನ ಶಕ್ತಿ ಇಳಿದಿರುತ್ತದೆ, ಅದನ್ನು ನಂಬಬೇಡಿ.

ಟೊಮೆಟೊ ತೊಳೆಯುವವರು ಇನ್ನೊಂದನ್ನು ನೆನಪಿಡಬೇಕು. ಬಿಸಿಯಾದ ಹಣ್ಣನ್ನು ತಣ್ಣೀರಿಗೆ ಹಾಕಿದರೆ ಒಳಗಿನ ಗಾಳಿ ಕುಗ್ಗಿ, ತೊಟ್ಟಿನ ಗಾಯದ ಮೂಲಕ ಹೊರಗಿನ ನೀರು ಒಳಗೆ ಎಳೆದುಕೊಳ್ಳುತ್ತದೆ, ಅದರಲ್ಲಿರುವ ಸೋಂಕಿನ ಸಮೇತ. ನೀರು ಹಣ್ಣಿಗಿಂತ ಸುಮಾರು 5 ಡಿಗ್ರಿ ಬೆಚ್ಚಗಿರಬೇಕು. ಇಲ್ಲವೇ ಹಣ್ಣು ನೆರಳಲ್ಲಿ ತಣಿದ ಮೇಲೆ ತೊಳೆಯಿರಿ.

ಚೀಲ, ಅದರ ತೂತು

ತೆಳು ಪಾಲಿಥಿನ್ ಚೀಲ ನೀರಾವಿಯನ್ನು ತಡೆಯುತ್ತದೆ, ಅದು ಅದರ ಗುಣ. ಗಾಳಿಯನ್ನೂ ತಡೆಯುತ್ತದೆ, ಅದು ಅದರ ದೋಷ. ತೂತಿಲ್ಲದ ಚೀಲದಲ್ಲಿ ಬಾಯಿಕಟ್ಟಿದ ಬೀನ್ಸ್ ಕೆಲವೇ ಹೊತ್ತಿನಲ್ಲಿ ಒಳಗಿನ ಆಮ್ಲಜನಕವನ್ನು ಮುಗಿಸುತ್ತದೆ. ಆಮೇಲೆ ಹುಳಿ, ಹೆಂಡದ ವಾಸನೆ. ಈ ವಾಸನೆ ಒಮ್ಮೆ ಹತ್ತಿದರೆ ಚೀಲ ಬಿಚ್ಚಿದರೂ, ಬೇಯಿಸಿದರೂ ಪೂರ್ತಿ ಹೋಗದು.

25ರಿಂದ 40 ಮೈಕ್ರಾನ್ ದಪ್ಪದ, ಮೆದು ಬಗೆಯ ಪಾಲಿಥಿನ್ ಆದ ಎಲ್‌ಡಿಪಿಇ ಚೀಲ ಸಾಕು. ಅಂಗಡಿಯಲ್ಲಿ ಗೇಜ್ ಲೆಕ್ಕದಲ್ಲಿ ಹೇಳುತ್ತಾರೆ, 100 ಗೇಜ್ ಎಂದರೆ 25 ಮೈಕ್ರಾನ್. ಒಂದು ಕಿಲೋ ಹಿಡಿಸುವ ಚೀಲಕ್ಕೆ 5 ಮಿ.ಮೀ. ಅಗಲದ ಹತ್ತರಿಂದ ಹದಿನೈದು ತೂತುಗಳಿಂದ ಶುರು ಮಾಡಿ, ಎರಡೂ ಬದಿಗೆ ಹಂಚಿ. ಕಾಗದಕ್ಕೆ ತೂತು ಹಾಕುವ ಪಂಚಿಂಗ್ ಯಂತ್ರವೇ ಸಾಕಾಗುತ್ತದೆ. ನಂತರ ಚೀಲವೇ ನಿಮಗೆ ಹೇಳುತ್ತದೆ. ಒಂದು ರಾತ್ರಿಯ ಬಳಿಕ ಒಳಮೈಯಲ್ಲಿ ಹನಿಗಳು ಕೂಡಿ ಇಳಿಯುತ್ತಿದ್ದರೆ ತೂತು ಕಡಿಮೆ, ಇಲ್ಲವೇ ತರಕಾರಿ ತಣಿಯುವ ಮುಂಚೆಯೇ ತುಂಬಿದ್ದೀರಿ. ಸೊಪ್ಪಿನ ಅಂಚು ಒಣಗಿದ್ದರೆ ತೂತು ಹೆಚ್ಚಾಯಿತು. ತೆಳು ಮಂಜು ಕಟ್ಟಿದಂತಿದ್ದು ಹನಿ ಇಲ್ಲದಿದ್ದರೆ ಅಳತೆ ಸರಿ.

ಹನಿ ಕೂಡುವುದಕ್ಕೆ ತೂತಿಗಿಂತ ದೊಡ್ಡ ಕಾರಣ ಉಷ್ಣಾಂಶದ ಏರಿಳಿತ. ಬಿಸಿ ಬೀನ್ಸನ್ನು ಚೀಲಕ್ಕೆ ತುಂಬಿ ತಂಪು ಜಾಗಕ್ಕೆ ಇಟ್ಟರೂ ಹನಿ, ತಂಪಿನಿಂದ ತೆಗೆದು ಬಿಸಿ ಗಾಳಿಗೆ ಇಟ್ಟರೂ ಹನಿ. ಆದ್ದರಿಂದ ಮೊದಲು ತಣಿಸಿ, ಆಮೇಲೆ ತುಂಬಿ, ತುಂಬಿದ ಮೇಲೆ ಒಂದೇ ಮಟ್ಟದಲ್ಲಿ ಇಡಿ.

ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಗೆ ಪಾಲಿಥಿನ್ ಬೇಡವೇ ಬೇಡ, ಬಲೆಚೀಲ ಬಳಸಿ. ಅಣಬೆಗೆ ಕಾಗದದ ಚೀಲ ಒಳ್ಳೆಯದು. ಹೂಕೋಸಿನ ಸುತ್ತಲಿನ ಎಲೆಯನ್ನು ಹೂವಿಗಿಂತ ಒಂದೆರಡು ಸೆಂ.ಮೀ. ಎತ್ತರಕ್ಕೆ ಕತ್ತರಿಸಿ ಉಳಿಸಿ. ಅದಕ್ಕಿಂತ ಒಳ್ಳೆಯ ಪ್ಯಾಕಿಂಗ್ ಇಲ್ಲ. ಎಲೆಕೋಸಿಗೂ ಹೊರಗಿನ ಮೂರ್ನಾಲ್ಕು ಎಲೆ ಹಾಗೇ ಇರಲಿ. ಕತ್ತರಿಸಿದ ಬುಡದಿಂದ ನೀರುಕೊಳೆ ಹತ್ತುವುದು ಎಲೆಕೋಸಿನ ದೊಡ್ಡ ಕಷ್ಟ. ಸುಣ್ಣ ಮತ್ತು ನೀರನ್ನು ಸಮನಾಗಿ ಕಲಸಿದ ಸರಿಯನ್ನು ಬುಡದ ಗಾಯಕ್ಕೆ ಮೆತ್ತಿ ಒಣಗಲು ಬಿಟ್ಟರೆ ಆ ಕೊಳೆ ಬಹಳ ಮಟ್ಟಿಗೆ ತಡೆಯುತ್ತದೆ. ಖರ್ಚು ಇಲ್ಲವೆನ್ನುವಷ್ಟು ಕಡಿಮೆ.

ಕರೆಂಟಿಲ್ಲದ ತಂಪು: ಇಟ್ಟಿಗೆ, ಮರಳು, ನೀರು

ಶೀತಲಗೃಹ ಹತ್ತಿರವಿಲ್ಲದ ಸಣ್ಣ ಬೆಳೆಗಾರರಿಗೆ ಇದಕ್ಕಿಂತ ಉಪಯೋಗದ ಸಾಧನ ಕಡಿಮೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ 1980ರ ದಶಕದಲ್ಲಿ ರೂಪಿಸಿದ ಇದನ್ನು ಶೂನ್ಯಶಕ್ತಿ ತಂಪುಕೋಣೆ ಎನ್ನುತ್ತಾರೆ. ಸುಮಾರು 100 ಕೆ.ಜಿ. ತರಕಾರಿ ಹಿಡಿಸುವ ಅಳತೆ ಇಲ್ಲಿದೆ.

ಗಾಳಿಯಾಡುವ, ನೀರು ಹತ್ತಿರವಿರುವ, ಮಳೆನೀರು ನಿಲ್ಲದ ಎತ್ತರದ ಜಾಗ ಆರಿಸಿ. 165 ಸೆಂ.ಮೀ. ಉದ್ದ, 115 ಸೆಂ.ಮೀ. ಅಗಲಕ್ಕೆ ಒಂದು ಸಾಲು ಇಟ್ಟಿಗೆ ಹಾಸಿ. ಅದರ ಅಂಚಿಗೆ ಜೋಡಿಗೋಡೆ ಎಬ್ಬಿಸಿ, ಎರಡು ಗೋಡೆಗಳ ನಡುವೆ 7.5 ಸೆಂ.ಮೀ. ಸಂದು ಬಿಡಿ, ಎತ್ತರ 67.5 ಸೆಂ.ಮೀ. ಸಿಮೆಂಟ್ ಗಾರೆ ಬೇಡ, ಗಿಲಾವು ಅಂತೂ ಬೇಡವೇ ಬೇಡ, ನೀರು ಇಟ್ಟಿಗೆಯಿಂದ ಆವಿಯಾಗಿ ಹೋಗಬೇಕು. ಚೆನ್ನಾಗಿ ಸುಟ್ಟ, ನೀರು ಹೀರುವ ಮಣ್ಣಿನ ಇಟ್ಟಿಗೆಯೇ ಆಗಬೇಕು. ಸಿಮೆಂಟ್ ಬ್ಲಾಕಿನಲ್ಲಿ ಈ ಕೆಲಸ ಆಗದು. ಸಂದಿಗೆ ಜರಡಿ ಹಿಡಿದ, ಒದ್ದೆ ಮಾಡಿದ ಸಣ್ಣ ಮರಳು ತುಂಬಿ. ಬಿದಿರಿನ ಚೌಕಟ್ಟಿಗೆ ಒಣಹುಲ್ಲನ್ನೋ ಲಾವಂಚವನ್ನೋ ಗೋಣಿಯನ್ನೋ ಹೆಣೆದು ಮುಚ್ಚಳ ಮಾಡಿ. ಮೇಲೆ ಪ್ರತ್ಯೇಕವಾದ ಚಪ್ಪರ ಇರಲೇಬೇಕು. ಬಿಸಿಲು ನೇರ ಬಿದ್ದರೆ ಎಷ್ಟು ನೀರು ಸುರಿದರೂ ತಂಪಾಗದು.

ಮೊದಲ ದಿನ ಇಟ್ಟಿಗೆ, ಮರಳು, ಮುಚ್ಚಳ ಎಲ್ಲ ನೆನೆದು ತೊಟ್ಟಿಕ್ಕುವವರೆಗೆ ನೀರು ಹಾಕಿ. ಆಮೇಲೆ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಸಂದಿನ ಮೇಲೆ ತೂತು ಮಾಡಿದ ಪೈಪ್ ಹಾಯಿಸಿ, ಎತ್ತರದಲ್ಲಿಟ್ಟ ಡ್ರಮ್ಮಿನಿಂದ ಹನಿಹನಿಯಾಗಿ ಬಿಟ್ಟರೆ ಮರೆಯುವ ಚಿಂತೆ ಇಲ್ಲ. ತರಕಾರಿಯನ್ನು ಕ್ರೇಟಿನಲ್ಲಿ ಇಟ್ಟು, ಕ್ರೇಟಿನ ಮೇಲೆ ತೆಳು ಪಾಲಿಥಿನ್ ಹಾಳೆ ಹೊದಿಸಿ, ಮುಚ್ಚಳದ ಹನಿ ಮಾಲಿನ ಮೇಲೆ ಬೀಳಬಾರದು. ಕ್ರೇಟು ಒದ್ದೆ ಗೋಡೆಗೆ ತಾಗಬಾರದು.

ಒಣ ಬೇಸಿಗೆಯಲ್ಲಿ ಒಳಗಿನ ಉಷ್ಣಾಂಶ ಹೊರಗಿನ ನಡುಮಧ್ಯಾಹ್ನಕ್ಕಿಂತ 10ರಿಂದ 15 ಡಿಗ್ರಿ ಕಡಿಮೆ ಇರುತ್ತದೆ, ಆರ್ದ್ರತೆ ಶೇ. 90ರ ಸುಮಾರು. ಹೊರಗೆ ಒಂದೇ ದಿನಕ್ಕೆ ಬಾಡುವ ದಂಟಿನ ಸೊಪ್ಪು ಮೂರು ದಿನ ನಿಲ್ಲುತ್ತದೆ. ಬೆಂಡೆಗೆ ಇನ್ನೂ ಹೆಚ್ಚು ಲಾಭ. ಟೊಮೆಟೊ, ಬದನೆ, ಸೌತೆಯಂತೂ ಈ ಉಷ್ಣಾಂಶಕ್ಕೆ ಹೇಳಿ ಮಾಡಿಸಿದವು, ಅವಕ್ಕೆ ಫ್ರಿಜ್ಜಿಗಿಂತ ಇದೇ ಮೇಲು.

ಆದರೆ ಇದು ಎಲ್ಲ ಊರಿಗೂ ಎಲ್ಲ ಕಾಲಕ್ಕೂ ಅಲ್ಲ. ನೀರು ಆವಿಯಾದರೆ ಮಾತ್ರ ತಂಪು, ಗಾಳಿ ಒಣಗಿದ್ದರೆ ಮಾತ್ರ ಆವಿ. 38 ಡಿಗ್ರಿ ಬಿಸಿಲು, ಶೇ. 25 ಆರ್ದ್ರತೆ ಇರುವ ಏಪ್ರಿಲಿನ ರಾಯಚೂರು, ಕಲಬುರಗಿ, ವಿಜಯಪುರದಲ್ಲಿ ನೀರಿನ ಆವಿಯಿಂದ 23 ಡಿಗ್ರಿಯ ಹತ್ತಿರಕ್ಕೆ ಇಳಿಯುವ ಅವಕಾಶ ಇದೆ. 30 ಡಿಗ್ರಿ, ಶೇ. 85 ಆರ್ದ್ರತೆಯ ಆಷಾಢದ ಮಂಗಳೂರಿನಲ್ಲಿ ಎರಡು ಡಿಗ್ರಿ ಇಳಿದರೆ ಹೆಚ್ಚು, ಶಿಲೀಂಧ್ರ ಮಾತ್ರ ಚೆನ್ನಾಗಿ ಬೆಳೆಯುತ್ತದೆ. ಕಟ್ಟುವ ಮುಂಚೆ ನಿಮ್ಮ ಜಾಗದಲ್ಲಿ ಪರೀಕ್ಷೆ ಮಾಡಿ. ಎರಡು ಥರ್ಮಾಮೀಟರ್ ತನ್ನಿ, ಒಂದರ ಬುರುಡೆಗೆ ಒದ್ದೆ ಹತ್ತಿಬಟ್ಟೆ ಸುತ್ತಿ ಗಾಳಿಗೆ ಹಿಡಿಯಿರಿ. ಒದ್ದೆಯದ್ದು ಒಣಗಿದ್ದಕ್ಕಿಂತ 8 ಡಿಗ್ರಿಯಾದರೂ ಕೆಳಗೆ ತೋರಿಸಿದರೆ ಕಟ್ಟುವುದು ಸಾರ್ಥಕ. ಮನೆಮಟ್ಟಿಗೆ ಒಂದು ದೊಡ್ಡ ಮಡಕೆಯೊಳಗೆ ಸಣ್ಣ ಮಡಕೆ ಇಟ್ಟು ನಡುವೆ ಒದ್ದೆ ಮರಳು ತುಂಬಿದರೂ ತತ್ತ್ವ ಇದೇ.

ತಿಂಗಳಿಗೊಮ್ಮೆ ಖಾಲಿ ಮಾಡಿ ಬ್ಲೀಚಿಂಗ್ ನೀರಿನಿಂದ ಒಳಗೋಡೆ ಉಜ್ಜಿ ಒಣಗಿಸಿ. ಕೊಳೆತ ಒಂದೇ ಕಾಯಿ ಕಂಡರೂ ಅಂದೇ ತೆಗೆಯಿರಿ. ಈರುಳ್ಳಿ, ಬೆಳ್ಳುಳ್ಳಿ, ಬಲಿತ ಕುಂಬಳವನ್ನು ಇದರೊಳಗೆ ಇಡಲೇಬೇಡಿ.

ಯಾವುದಕ್ಕೆ ಎಷ್ಟು ತಂಪು

ಹೆಚ್ಚು ತಂಪಾದಷ್ಟೂ ಒಳ್ಳೆಯದು ಎಂಬ ನಂಬಿಕೆಯಿಂದ ಹಾಳಾಗುವ ತರಕಾರಿ ಬಹಳ. ನಮ್ಮ ತರಕಾರಿಗಳಲ್ಲಿ ಅರ್ಧಕ್ಕರ್ಧ ಉಷ್ಣವಲಯದವು, ಅವಕ್ಕೆ ಚಳಿ ತಾಗುತ್ತದೆ. ಚಳಿಯ ಪೆಟ್ಟು ಶೀತಲಗೃಹದೊಳಗೆ ಕಾಣದೆ, ಹೊರಗೆ ತಂದು ಒಂದು ದಿನವಾದ ಮೇಲೆ ಕಾಣುತ್ತದೆ. ಬದನೆಯ ಮೈಮೇಲೆ ಕಂದು ಗುಳಿ, ಒಳಗೆ ಕಪ್ಪಾದ ಬೀಜ. ಸೌತೆಯಲ್ಲಿ ನೀರು ತುಂಬಿದ ಚುಕ್ಕೆ. ಬೀನ್ಸಿನಲ್ಲಿ ತುಕ್ಕು ಬಣ್ಣದ ಗೆರೆ. ಇಟ್ಟವರು ಸಾಗಣೆಯನ್ನು ದೂರುತ್ತಾರೆ, ಸಾಗಿಸಿದವರು ಮಾಲನ್ನು ದೂರುತ್ತಾರೆ.

ಚಳಿಗೆ ಅಂಜದವು: ಎಲೆಕೋಸು, ಹೂಕೋಸು, ಕ್ಯಾರೆಟ್, ಬೀಟ್‌ರೂಟ್, ಮೂಲಂಗಿ, ಹಸಿ ಬಟಾಣಿ, ಪಾಲಕ್, ಕೊತ್ತಂಬರಿ. ಇವನ್ನು 0ಯಿಂದ 2 ಡಿಗ್ರಿಯಲ್ಲಿ, ಶೇ. 95ಕ್ಕಿಂತ ಹೆಚ್ಚು ಆರ್ದ್ರತೆಯಲ್ಲಿ ಇಡಬೇಕು. ಬೀನ್ಸ್‌ಗೆ 5ರಿಂದ 7, ಬೆಂಡೆ, ದೊಣ್ಣೆಮೆಣಸು, ಹಸಿಮೆಣಸಿನಕಾಯಿಗೆ 7ರಿಂದ 10 ಡಿಗ್ರಿ. ಬದನೆ, ಸೌತೆ, ಹಾಗಲಕ್ಕೆ 10ರಿಂದ 12. ಶುಂಠಿಗೆ 12ರಿಂದ 13, ಗೆಣಸಿಗೆ 13ರಿಂದ 15. ಇವುಗಳಿಗೂ ಆರ್ದ್ರತೆ ಶೇ. 85ರಿಂದ 95ರೊಳಗೆ. ಈರುಳ್ಳಿ, ಬೆಳ್ಳುಳ್ಳಿ, ಬಲಿತ ಕುಂಬಳಕ್ಕೆ ಒಣ ಗಾಳಿ, ಶೇ. 70 ದಾಟಬಾರದು.

ಟೊಮೆಟೊಗೆ ಅದರ ಬಣ್ಣ ನೋಡಿ ಜಾಗ ಕೊಡಬೇಕು. ಹಸಿರು ಬಲಿತದ್ದನ್ನು 13 ಡಿಗ್ರಿಗಿಂತ ಕೆಳಗಿಟ್ಟರೆ ಮುಂದೆ ಎಂದೂ ಸರಿಯಾಗಿ ಕೆಂಪಾಗದು, ರುಚಿ ಬರದು, ತೊಟ್ಟಿನ ಸುತ್ತ ಕಪ್ಪು ಕೊಳೆ ಬರುತ್ತದೆ. ಪೂರ್ತಿ ಹಣ್ಣಾದದ್ದು 7ರಿಂದ 10 ಡಿಗ್ರಿಯಲ್ಲಿ ಕೆಲವು ದಿನ ತಡೆಯುತ್ತದೆ. ಇನ್ನೊಂದು ತುದಿಯೂ ಇದೆ, 30 ಡಿಗ್ರಿ ಮೀರಿದ ಕೋಣೆಯಲ್ಲಿ ಕೆಂಪು ಬಣ್ಣ ಕಟ್ಟುವುದು ನಿಲ್ಲುತ್ತದೆ, ಹಣ್ಣು ಹಳದಿ-ಕಿತ್ತಳೆಯಲ್ಲೇ ಮೆತ್ತಗಾಗುತ್ತದೆ. ಬೇಸಿಗೆಯಲ್ಲಿ ಹಣ್ಣು ಮಾಡಲು 18ರಿಂದ 25 ಡಿಗ್ರಿಯ ಜಾಗ ಹುಡುಕಿ.

ಜೊತೆಗೆ ಎಥಿಲೀನ್. ಹಣ್ಣಾಗುವ ಟೊಮೆಟೊ, ಬಾಳೆ, ಮಾವು, ಪಪಾಯ ಈ ಅನಿಲವನ್ನು ಬಿಡುತ್ತವೆ. ಅದು ತಾಗಿದರೆ ಸೌತೆ ಹಳದಿಯಾಗುತ್ತದೆ, ಸೊಪ್ಪು ಬಣ್ಣಗೆಡುತ್ತದೆ, ಎಲೆಕೋಸಿನ ಎಲೆ ಕಳಚುತ್ತದೆ, ಬದನೆಯ ತೊಟ್ಟು ಉದುರುತ್ತದೆ, ಕ್ಯಾರೆಟ್ ಕಹಿಯಾಗುತ್ತದೆ. ಒಂದೇ ಟೆಂಪೋದಲ್ಲಿ ಹಣ್ಣು ಟೊಮೆಟೊ ಮತ್ತು ಸೊಪ್ಪು ಸಾಗಿಸಲೇಬೇಕಾದರೆ ಪಕ್ಕದ ಕಿಂಡಿ ತೆರೆದು ಗಾಳಿಯಾಡಲು ಬಿಡಿ, ಸೊಪ್ಪು ಗಾಳಿ ಬರುವ ಮುಂಬದಿಗಿರಲಿ.

ಈರುಳ್ಳಿ, ಆಲೂಗಡ್ಡೆ: ಹದ ಬರಿಸುವುದೇ ಅರ್ಧ ಕೆಲಸ

ಉಳ್ಳಾಗಡ್ಡಿಯ ಬಾಳಿಕೆ ಗೋದಾಮಿಗಿಂತ ಮೊದಲು ಹೊಲದಲ್ಲಿ ನಿರ್ಧಾರವಾಗುತ್ತದೆ. ಕೀಳುವ 10–15 ದಿನ ಮುಂಚೆ ನೀರು ನಿಲ್ಲಿಸಿ. ಅರ್ಧದಷ್ಟು ಗಿಡಗಳ ಕತ್ತು ಬಾಗಿದಾಗ ಕೀಳಿ. ಸಾಲಿನಲ್ಲಿ ಹರಡುವಾಗ ಒಂದರ ಸೊಪ್ಪು ಇನ್ನೊಂದರ ಗಡ್ಡೆಯನ್ನು ಮುಚ್ಚುವಂತೆ ಮಲಗಿಸಿ, ಮೂರರಿಂದ ಐದು ದಿನ ಹೊಲದಲ್ಲೇ ಒಣಗಲಿ. ಬರಿಗಡ್ಡೆಗೆ ಬಿಸಿಲು ಬಿದ್ದರೆ ಸುಟ್ಟ ಕಲೆಯಾಗುತ್ತದೆ. ನಂತರ 2ರಿಂದ 2.5 ಸೆಂ.ಮೀ. ಕತ್ತು ಉಳಿಸಿ ಸೊಪ್ಪು ಕತ್ತರಿಸಿ, ನೆರಳಿನಲ್ಲಿ ಇನ್ನೂ ವಾರ ಹತ್ತು ದಿನ ಹರಡಿ. ಕತ್ತು ಹಿಚುಕಿದರೆ ತೇವ ಇರಬಾರದು, ಹೊರಸಿಪ್ಪೆ ಸರಸರ ಸದ್ದು ಮಾಡಬೇಕು. ದಪ್ಪ ಕತ್ತಿನವು, ಜೋಡಿಗಡ್ಡೆ, ಗಾಯವಾದವುಗಳನ್ನು ಆಗಲೇ ಬೇರೆ ಮಾಡಿ ಮಾರಿ.

ಇಡುವ ಕಟ್ಟೆ ನೆಲದಿಂದ 60 ಸೆಂ.ಮೀ. ಎತ್ತರದಲ್ಲಿ ಬಿದಿರು ಅಥವಾ ಮರದ ಪಟ್ಟಿಯದಾಗಿರಲಿ, ತಳದಿಂದಲೂ ಗಾಳಿ ಬರಬೇಕು. ರಾಶಿಯ ಅಗಲ 1.2 ಮೀಟರ್, ಎತ್ತರ 1.2ರಿಂದ 1.5 ಮೀಟರ್ ಮೀರದಿರಲಿ. 25ರಿಂದ 30 ಡಿಗ್ರಿ, ಶೇ. 65–70 ಆರ್ದ್ರತೆ ಇದಕ್ಕೆ ಹದ. ಇದಲ್ಲದಿದ್ದರೆ ನೇರ 0 ಡಿಗ್ರಿಯ ಶೀತಲಗೃಹ. ನಡುವಿನ 5–20 ಡಿಗ್ರಿಯೇ ಅಪಾಯ, ಮೊಳಕೆ ಬರುವುದು ಅಲ್ಲೇ ಹೆಚ್ಚು. ಮನೆಯ ಫ್ರಿಜ್ಜಿನ ಈರುಳ್ಳಿ ಬೇಗ ಮೊಳೆಯುವುದಕ್ಕೆ ಕಾರಣವೂ ಇದೇ. ಚಿತ್ರದುರ್ಗ, ಗದಗ ಭಾಗದ ಮುಂಗಾರು ಬೆಳೆಯಲ್ಲಿ ನೀರಿನಂಶ ಹೆಚ್ಚು, ಕತ್ತೂ ಸರಿಯಾಗಿ ಒಣಗುವುದಿಲ್ಲ. ದರ ಏರಲೆಂದು ಅದನ್ನು ಕೂಡಿಡುವುದು ಕೊಳೆಯನ್ನು ಕೂಡಿಟ್ಟಂತೆ, ಮಾರಿಬಿಡಿ. ಕೂಡಿಡಲು ಹಿಂಗಾರಿನ ಬೆಳೆಯೇ ಬೇಕು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ನಿಕೇತನದಂಥ ತಳಿಗಳು ಬಾಳಿಕೆಗೆ ಹೆಸರಾಗಿವೆ.

ಹಾಸನದ ಆಲೂಗಡ್ಡೆ ಮಳೆಗಾಲದಲ್ಲೇ ಕೊಯ್ಲಿಗೆ ಬರುವುದರಿಂದ ಸಿಪ್ಪೆ ಎಳಸಾಗಿರುತ್ತದೆ. ಅಗೆಯುವ 10–15 ದಿನ ಮುಂಚೆ ಬಳ್ಳಿಯನ್ನು ನೆಲಮಟ್ಟಕ್ಕೆ ಕತ್ತರಿಸಿದರೆ ಸಿಪ್ಪೆ ಗಟ್ಟಿಯಾಗುತ್ತದೆ. ಹೆಬ್ಬೆರಳಿನಿಂದ ಉಜ್ಜಿದರೆ ಸುಲಿಯಬಾರದು. ಅಗೆದ ಮೇಲೆ ಕತ್ತಲೆಯ, ಗಾಳಿಯಾಡುವ ಜಾಗದಲ್ಲಿ 10–15 ದಿನ ಹರಡಿದರೆ ಸಣ್ಣ ಗಾಯಗಳು ತಾವೇ ಮಾಯುತ್ತವೆ. ಬೆಳಕು ಬಿದ್ದ ಗಡ್ಡೆ ಹಸಿರಾಗುತ್ತದೆ, ಅದರೊಡನೆ ಸೋಲನಿನ್ ಎಂಬ ವಿಷಾಂಶವೂ ಹೆಚ್ಚುತ್ತದೆ. ಹಸಿರಾದ ಗಡ್ಡೆಯನ್ನು ತಿನ್ನಬಾರದು. ತೀರ ತಂಪಿನಲ್ಲಿಟ್ಟ ಆಲೂಗಡ್ಡೆಯ ಪಿಷ್ಟ ಸಕ್ಕರೆಯಾಗಿ, ಪಲ್ಯ ಸಿಹಿ, ಚಿಪ್ಸ್ ಕಪ್ಪು. ಈರುಳ್ಳಿಯ ಪಕ್ಕದಲ್ಲಿ ಇದನ್ನು ಇಡಬೇಡಿ, ಗಡ್ಡೆ ಬಿಡುವ ತೇವ ಈರುಳ್ಳಿಯನ್ನು ಕೆಡಿಸುತ್ತದೆ.

ತೂಗು ಹಾಕುವ ಕರಾವಳಿಯ ಪದ್ಧತಿ

ದಕ್ಷಿಣ ಕನ್ನಡ, ಉಡುಪಿಯ ಮನೆಗಳಲ್ಲಿ ಬಲಿತ ಮಂಗಳೂರು ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ಜಂತಿಗೆ ಸಾಲಾಗಿ ತೂಗುಹಾಕುತ್ತಾರೆ. ಬೇಸಿಗೆಯ ಬೆಳೆ ಮಳೆಗಾಲದ ಸಾಂಬಾರಿಗೆ ಒದಗುವುದು ಹೀಗೆ. ಮೇಲೆ ಹೇಳಿದ ತತ್ತ್ವಗಳೆಲ್ಲ ಇದರಲ್ಲಿವೆ. ದಪ್ಪ ಸಿಪ್ಪೆ ನೀರನ್ನು ಒಳಗೆ ಹಿಡಿಯುತ್ತದೆ, ಸುತ್ತಲೂ ಗಾಳಿಯಾಡುವುದರಿಂದ ಮೈ ಒಣಗಿರುತ್ತದೆ, ಒಂದು ಕಾಯಿ ಇನ್ನೊಂದಕ್ಕಾಗಲಿ ನೆಲಕ್ಕಾಗಲಿ ತಾಗುವುದಿಲ್ಲ. ಪೂರ್ತಿ ಬಲಿತು ಬಣ್ಣ ತಿರುಗಿದ, ಗೀರಿಲ್ಲದ, ತೊಟ್ಟು ಸಮೇತ ಕೊಯ್ದ ಕಾಯನ್ನೇ ಆರಿಸಿ. ನಾರು ಕಾಯಿಯ ಸುತ್ತ ಎರಡು ಕಡೆ ಹಾದು ಭಾರ ಹಂಚಬೇಕು, ತೊಟ್ಟಿನ ಮೇಲೆ ಎಲ್ಲ ಭಾರ ಬೀಳಬಾರದು. ವಾರಕ್ಕೊಮ್ಮೆ ಕೆಳಗಿನ ತುದಿಯನ್ನು ಬೆರಳಿನಿಂದ ಒತ್ತಿ ನೋಡಿ, ಮೆತ್ತಗಾಗಿದ್ದರೆ ಅಂದೇ ಅಡುಗೆಗೆ.

ಬೂದುಗುಂಬಳವೂ ಸಿಹಿಗುಂಬಳವೂ ಹೀಗೆಯೇ ತಿಂಗಳುಗಟ್ಟಲೆ ಉಳಿಯುತ್ತವೆ. ಬೂದುಗುಂಬಳದ ಬಿಳಿ ಬೂದಿ ಮೇಣದ ಪದರ, ಅದನ್ನು ಒರೆಸಿ ಹೊಳಪು ಮಾಡಬೇಡಿ. ಹೊತ್ತು ತರುವಾಗ ತೊಟ್ಟನ್ನು ಹಿಡಿಕೆಯಾಗಿ ಬಳಸಬೇಡಿ.

ಮನೆಯ ಫ್ರಿಜ್ಜಿನಲ್ಲಿ

ಫ್ರಿಜ್ಜಿನ ಒಳಗೆ ಸಾಮಾನ್ಯವಾಗಿ 4 ಡಿಗ್ರಿಯ ಸುಮಾರು. ಕ್ಯಾರೆಟ್, ಕೋಸು, ಸೊಪ್ಪಿಗೆ ಇದು ಸರಿ. ಬೆಂಡೆ, ಬದನೆ, ಸೌತೆ, ಬೀನ್ಸ್‌ಗೆ ಮೂರ್ನಾಲ್ಕು ದಿನಕ್ಕೆ ಪರವಾಗಿಲ್ಲ, ವಾರಕ್ಕಲ್ಲ. ಇವನ್ನು ಹಿಂಬದಿಯ ಗೋಡೆಗೆ ತಾಗಿಸದೆ ಮುಂದಕ್ಕೆ ಅಥವಾ ಬಾಗಿಲಿನ ಮೇಲಂಕಣದಲ್ಲಿಡಿ, ಅಲ್ಲಿ ಒಂದಿಷ್ಟು ಬೆಚ್ಚಗಿರುತ್ತದೆ. ಟೊಮೆಟೊ ಕೆಂಪಾಗುವವರೆಗೆ ಹೊರಗಿರಲಿ.

ಕೊತ್ತಂಬರಿ ಕಟ್ಟಿನ ದಾರ ಬಿಚ್ಚಿ, ಹಳದಿ ಮತ್ತು ಕೊಳೆತ ಎಲೆ ತೆಗೆಯಿರಿ. ಒಂದೇ ಲೋಳೆಯಾದ ಎಲೆ ಎರಡು ದಿನದಲ್ಲಿ ಇಡೀ ಕಟ್ಟನ್ನು ಕೆಡಿಸುತ್ತದೆ. ಬೇರಿದ್ದರೆ ಬೇರನ್ನಷ್ಟೇ ತೊಳೆದು, ಲೋಟದಲ್ಲಿ ಎರಡು ಮೂರು ಸೆಂ.ಮೀ. ನೀರಿಗೆ ನಿಲ್ಲಿಸಿ, ಎಲೆಯ ಮೇಲೆ ತೂತಿನ ಚೀಲ ಸಡಿಲವಾಗಿ ಹೊದಿಸಿ, ಎರಡು ದಿನಕ್ಕೊಮ್ಮೆ ನೀರು ಬದಲಿಸಿ. ಬೇರು ಕತ್ತರಿಸಿದ್ದರೆ ಒಣ ಹತ್ತಿಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ಬಟ್ಟೆ ಹನಿಯನ್ನು ಹೀರುತ್ತದೆ, ಡಬ್ಬಿ ಆವಿಯನ್ನು ತಡೆಯುತ್ತದೆ. ಬಟ್ಟೆ ಒದ್ದೆಯಾದರೆ ಬದಲಿಸಿ. ಹಳೆಯ ಪತ್ರಿಕೆ ಬಳಸಬೇಡಿ, ಮುದ್ರಣದ ಮಸಿ ತೇವಕ್ಕೆ ಬಿಡುತ್ತದೆ. ಮೆಂತ್ಯ, ಪಾಲಕ್, ಕರಿಬೇವಿಗೂ ಇದೇ ಕ್ರಮ. ಕರಿಬೇವನ್ನು ಕಡ್ಡಿಯಿಂದ ಬಿಡಿಸಿ ಪೂರ್ತಿ ಒಣಗಿದ ಮೇಲೆ ಇಡಿ.

ಕೆಳಗಿನ ತರಕಾರಿ ಪೆಟ್ಟಿಗೆಯನ್ನು ತಲೆಮಟ್ಟ ತುಂಬಬೇಡಿ, ಮೂರನೇ ಎರಡು ಭಾಗ ಸಾಕು. ಬಾಳೆ, ಪಪಾಯ, ಮಾವಿನಹಣ್ಣಿಗೆ ಆ ಪೆಟ್ಟಿಗೆಯಲ್ಲಿ ಜಾಗ ಕೊಡಬೇಡಿ. ಬಾಡಿದ ಕ್ಯಾರೆಟ್, ಮೂಲಂಗಿ ಕೊಳೆಯದಿದ್ದರೆ ತುದಿ ಕತ್ತರಿಸಿ ಒಂದೆರಡು ಗಂಟೆ ತಣ್ಣೀರಿನಲ್ಲಿ ಮುಳುಗಿಸಿ, ಬಹಳ ಮಟ್ಟಿಗೆ ಗಟ್ಟಿಯಾಗುತ್ತವೆ. ಆದರೆ ಹಾಗೆ ನೀರು ಕುಡಿಸಿದ್ದನ್ನು ಮತ್ತೆ ಎತ್ತಿಡಬೇಡಿ, ಆ ಹೊತ್ತಿನ ಅಡುಗೆಗೇ ಬಳಸಿ.